ಹಾಲು–ನೀರಿನ ಲೆಕ್ಕ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ಕಲಾ ವಿಭಾಗದಲ್ಲಿ ಪದವಿ ಮುಗಿಸಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದೇನೆ. ಗಣಿತದ ಸಹವಾಸ ಬಿಟ್ಟು ಆರು ವರ್ಷವಾಯಿತು. ಬೇರೆ ಅಧ್ಯಾಯಗಳು ಹೇಗೋ ಸಾಗುತ್ತವೆ, ಮಿಶ್ರಣದ ಲೆಕ್ಕ ಬಂದರೆ ಮಾತ್ರ ತಲೆ ಕೆಡುತ್ತದೆ. ಕೋಚಿಂಗ್‌ನಲ್ಲಿ ಅಲಿಗೇಶನ್ ಅಂತ ಅಡ್ಡಗೆರೆಯ ಟ್ರಿಕ್ ಹೇಳಿಕೊಟ್ಟರು: ಎರಡು ದರಗಳ ನಡುವೆ ಮಿಶ್ರಣದ ದರ ಇಟ್ಟು, ಅಂತರಗಳನ್ನು ಅಡ್ಡಲಾಗಿ ಎದುರು ಬದಿಗೆ ಬರೆದು ಅನುಪಾತ ತೆಗೆಯುವುದು. ಕೆಲವು ಲೆಕ್ಕಕ್ಕೆ ಅದು ಹೊಂದುತ್ತದೆ, ಕೆಲವಕ್ಕೆ ಉತ್ತರ ತಿರುವುಮುರುವಾಗಿ ಬರುತ್ತದೆ. ಕಳೆದ ವಾರದ ಅಣಕು ಪರೀಕ್ಷೆಯಲ್ಲಿ ನಾಲ್ಕಕ್ಕೆ ನಾಲ್ಕೂ ತಪ್ಪಾದವು.

ಒಂದು: 40 ಲೀಟರ್ ಹಾಲಿನಲ್ಲಿ ಶೇ 10 ನೀರಿದೆ, ಶೇ 20 ಆಗಲು ಇನ್ನೆಷ್ಟು ನೀರು ಬೆರೆಸಬೇಕು? ನಾನು 4 ಲೀಟರ್ ಎಂದೆ. ಎರಡು: ಕೆ.ಜಿ.ಗೆ 45 ರೂಪಾಯಿಯ ಅಕ್ಕಿಗೆ 60 ರೂಪಾಯಿಯ ಅಕ್ಕಿ ಬೆರೆಸಿ 55 ರೂಪಾಯಿಗೆ ಮಾರಿದಾಗ ಶೇ 10 ಲಾಭ ಬಂದರೆ, ಬೆರೆಸಿದ ಅನುಪಾತ ಎಷ್ಟು? 1:2 ಎಂದೆ. ಮೂರು: 40 ಲೀಟರ್ ಹಾಲು ತುಂಬಿದ ಕ್ಯಾನಿನಿಂದ 4 ಲೀಟರ್ ತೆಗೆದು ಅಷ್ಟೇ ನೀರು ಸುರಿದು, ಇನ್ನೊಂದು ಸಲ ಹಾಗೇ ಮಾಡಿದರೆ ಉಳಿಯುವ ಹಾಲೆಷ್ಟು? 32 ಲೀಟರ್ ಎಂದೆ. ನಾಲ್ಕು: ಹಾಲು–ನೀರು 3:1 ಇರುವ ಪಾತ್ರೆ, 5:3 ಇರುವ ಅಷ್ಟೇ ಅಳತೆಯ ಇನ್ನೊಂದು ಪಾತ್ರೆ, ಎರಡನ್ನೂ ಒಟ್ಟಿಗೆ ಸುರಿದರೆ? 8:4, ಅಂದರೆ 2:1 ಎಂದೆ.

ಇದಲ್ಲದೆ ಗೈಡಿನಲ್ಲಿ ಒಂದು ಲೆಕ್ಕವಿದೆ: ಶೇ 20ರ ಆಮ್ಲ ಮತ್ತು ಶೇ 35ರ ಆಮ್ಲ ಬೆರೆಸಿ ಶೇ 40ರ 30 ಲೀಟರ್ ಆಮ್ಲ ಮಾಡಬೇಕು, ಶೇ 20ರದ್ದು ಎಷ್ಟು ಬೇಕು? ನನಗೆ ಎಷ್ಟು ಸಲ ಮಾಡಿದರೂ ಮೈನಸ್ 10 ಬರುತ್ತದೆ, ಗೈಡಿನ ಉತ್ತರ 10. ಪರೀಕ್ಷೆಯಲ್ಲಿ 35 ಲೆಕ್ಕಕ್ಕೆ 20 ನಿಮಿಷ. ಸಮೀಕರಣ ಹಾಕುತ್ತ ಕೂರಲು ಆಗುತ್ತದೆಯೇ? ಬಗೆಗೊಂದು ಸೂತ್ರ ಬಾಯಿಪಾಠ ಮಾಡುವುದೇ ವಾಸಿಯೇ?

ಉತ್ತರ: ಲೆಕ್ಕಗಳ ಜೊತೆಗೆ ನಿಮ್ಮ ತಪ್ಪು ಉತ್ತರಗಳನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಕಾಯಿಲೆ ಎಲ್ಲಿದೆ ಎಂದು ತೋರಿಸುವುದು ಅವೇ. 4, 1:2, 32, 2:1 ಇವು ಗಾಳಿಯಲ್ಲಿ ಬಂದ ಸಂಖ್ಯೆಗಳಲ್ಲ. ಈ ಲೆಕ್ಕಗಳಲ್ಲಿ ಅತಿ ಹೆಚ್ಚು ಜನ ಬರೆಯುವ ತಪ್ಪು ಉತ್ತರಗಳು ಇವೇ. ಪ್ರಶ್ನೆಪತ್ರಿಕೆ ಮಾಡುವವರಿಗೂ ಅದು ಗೊತ್ತು, ಆದ್ದರಿಂದ ನಾಲ್ಕು ಆಯ್ಕೆಗಳಲ್ಲಿ ಒಂದು ಆಯ್ಕೆಯಾಗಿ ಇವನ್ನೇ ಇಡುತ್ತಾರೆ. ನಿಮ್ಮ ಉತ್ತರ ಆಯ್ಕೆಗಳಲ್ಲಿ ಕಂಡ ಕೂಡಲೇ ‘ಸರಿ ಬಂತು’ ಎಂದು ಮುಂದೆ ಹೋಗಿರುತ್ತೀರಿ.

ನಾಲ್ಕು ಬಗೆಯ ಲೆಕ್ಕ, ನಾಲ್ಕು ಬಗೆಯ ತಪ್ಪು ಎಂದು ನಿಮಗೆ ಅನ್ನಿಸಿದೆ. ಬೇರು ಒಂದೇ. ಶೇಕಡಾ, ಕೆ.ಜಿ.ಯ ದರ, ಅನುಪಾತ ಇವೆಲ್ಲ ‘ಇಷ್ಟರಲ್ಲಿ ಇಷ್ಟು’ ಎನ್ನುವ ಮಾತುಗಳು. ಅವನ್ನು ನೇರವಾಗಿ ಕೂಡಲು, ಕಳೆಯಲು ಬರುವುದಿಲ್ಲ. ಕೂಡಲು ಕಳೆಯಲು ಬರುವುದು ಲೀಟರು, ಕೆ.ಜಿ., ಗ್ರಾಂ, ರೂಪಾಯಿ. ಅಡುಗೆಮನೆಯಲ್ಲೇ ನೋಡಿ. ಪೂರ್ಣ ಕೆನೆಯ ಹಾಲಿನ ಪ್ಯಾಕೆಟ್‌ನಲ್ಲಿ ಕೊಬ್ಬು ಶೇ 6, ಡಬಲ್ ಟೋನ್ಡ್ ಪ್ಯಾಕೆಟ್‌ನಲ್ಲಿ ಶೇ 1.5. ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಕೊಬ್ಬು ಶೇ 7.5 ಆಯಿತು ಎಂದು ಯಾರೂ ಹೇಳುವುದಿಲ್ಲ. ಒಂದೊಂದು ಲೀಟರ್ ಸುರಿದರೆ ಶೇ 3.75. ಮೊದಲನೆಯದು ಒಂದು ಲೀಟರ್, ಎರಡನೆಯದು ಎರಡು ಲೀಟರ್ ಆದರೆ? ಲೀಟರನ್ನು ಸುಮಾರು ಒಂದು ಕೆ.ಜಿ. ಎಂದು ಹಿಡಿಯೋಣ. ಮೊದಲನೆಯದರಲ್ಲಿ 60 ಗ್ರಾಂ ಕೊಬ್ಬು, ಎರಡನೆಯದರಲ್ಲಿ 15ರಂತೆ 30 ಗ್ರಾಂ. ಒಟ್ಟು 90 ಗ್ರಾಂ ಕೊಬ್ಬು ಮೂರು ಲೀಟರಿನಲ್ಲಿ, ಅಂದರೆ ಶೇ 3. ಟೋನ್ಡ್ ಹಾಲಿನ ಮಟ್ಟ. ಇಲ್ಲಿ ಕೂಡಿಸಿದ್ದು ಗ್ರಾಂಗಳನ್ನು, ಶೇಕಡಾವನ್ನಲ್ಲ. ಮಿಶ್ರಣದ ಬೀಜಗಣಿತದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ.

ಸಮೀಕರಣ ಹಾಕುವುದಕ್ಕೆ ಹಾಳೆಯ ಮೇಲೆ ಸಾಲಿಗೆ ಮೂರು ಸಂಖ್ಯೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ: ಎಷ್ಟು ಇದೆ, ಎಷ್ಟು ಗಟ್ಟಿ ಇದೆ (ಅಂದರೆ ಅದರ ಶೇಕಡಾ ಅಥವಾ ದರ), ಅವೆರಡರ ಗುಣಲಬ್ಧ. ಬೆರೆಸುವ ಪ್ರತಿ ವಸ್ತುವಿಗೆ ಒಂದು ಸಾಲು, ಕೊನೆಯ ಮಿಶ್ರಣಕ್ಕೆ ಒಂದು ಸಾಲು. ಗೊತ್ತಿಲ್ಲದ ಪ್ರಮಾಣಕ್ಕೆ ನಿಮ್ಮ ಪುಸ್ತಕದ ಎಕ್ಸ್ ಬದಲು ಇಲ್ಲಿ ‘ಯ’ ಎಂದು ಬರೆಯುತ್ತೇನೆ. ನಮ್ಮ ಹಳೆಯ ಗಣಿತಜ್ಞರೂ ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ ತಾವತ್’, ಎಷ್ಟೋ ಅಷ್ಟು, ಎನ್ನುತ್ತಿದ್ದರು. ಬರೆಯುವಾಗ ಅದನ್ನು ‘ಯಾ’ ಎಂದು ಮೊಟಕು ಮಾಡುತ್ತಿದ್ದರು. ನಿಮ್ಮ ಮೊದಲ ಲೆಕ್ಕದಲ್ಲಿ ನೀರಿನ ಜಾಡು ಹಿಡಿದರೆ ಹೀಗಾಗುತ್ತದೆ:

ಇದ್ದ ಹಾಲು: 40 × 10 = 400
ಹಾಕುವ ನೀರು: ಯ × 100 = 100ಯ
ಕೊನೆಗೆ ಆಗುವುದು: (40 + ಯ) × 20 = 800 + 20ಯ

ಮೇಲಿನ ಎರಡು ಸಾಲು ಕೂಡಿದರೆ ಕೊನೆಯ ಸಾಲಿಗೆ ಸಮ. 400 + 100ಯ = 800 + 20ಯ. ಆದ್ದರಿಂದ 80ಯ = 400, ಯ = 5. ತಾಳೆ ನೋಡಿ: ಮೊದಲಿದ್ದ ನೀರು 4 ಲೀಟರ್, ಹಾಕಿದ್ದು 5, ಒಟ್ಟು 9. ಕ್ಯಾನಿನಲ್ಲಿ ಈಗ 45 ಲೀಟರ್. 45ರಲ್ಲಿ 9 ಶೇ 20 ಹೌದು.

ಶೇ 10 ಎನ್ನುವುದನ್ನು 0.10 ಎಂದು ಬರೆಯದೆ 10 ಎಂದೇ ಇಟ್ಟದ್ದು ಗಮನಿಸಿ. ಎಲ್ಲ ಸಾಲಿನಲ್ಲೂ ಹಾಗೇ ಇಟ್ಟರೆ ನೂರು ಎರಡೂ ಕಡೆ ಹೊಡೆದು ಹೋಗುತ್ತದೆ, ದಶಮಾಂಶ ಬಿಂದು ಜಾರುವ ಅಪಾಯವಿಲ್ಲ. ಆದರೆ ಒಂದು ಸಾಲಿನಲ್ಲಿ 20, ಇನ್ನೊಂದರಲ್ಲಿ 0.1 ಎಂದು ಬೆರಕೆ ಮಾಡಿದರೆ ಲೆಕ್ಕ ಅಲ್ಲೇ ಮುಗಿಯಿತು. ಎರಡನೆಯ ಸಾಲಿನ 100 ಕೂಡ ಎಲ್ಲರೂ ಎಡವುವ ಜಾಗ. ಶುದ್ಧ ನೀರಿನಲ್ಲಿ ನೀರು ಶೇ 100 ಎನ್ನುವುದು ಹೇಳುವ ಮಾತೇ ಅಲ್ಲ ಎಂದು ಬಿಟ್ಟುಬಿಡುತ್ತಾರೆ, ಬರೇ ‘ಯ’ ಬರೆಯುತ್ತಾರೆ. ಆಗ ಯ ಋಣ ಸಂಖ್ಯೆಯಾಗಿ ಬರುತ್ತದೆ. ಶುದ್ಧವಾದದ್ದಕ್ಕೆ 100, ಜಾಡು ಹಿಡಿದ ವಸ್ತು ಏನೂ ಇಲ್ಲದ್ದಕ್ಕೆ 0, ಇವೆರಡನ್ನೂ ಬಾಯಲ್ಲಿ ಹೇಳಿಕೊಂಡು ಬರೆಯಿರಿ.

ನಿಮ್ಮ 4 ಎಲ್ಲಿಂದ ಬಂತು? ನೀರು 4 ಲೀಟರ್ ಇದೆ, 40ರ ಶೇ 20 ಅಂದರೆ 8 ಬೇಕು, ಉಳಿದದ್ದು 4. ಈ ಲೆಕ್ಕದಲ್ಲಿ ಕ್ಯಾನು 40 ಲೀಟರಿಗೇ ನಿಂತುಬಿಟ್ಟಿದೆ. ನೀರು ಸುರಿದ ಮೇಲೆ ಅಲ್ಲಿ 44 ಲೀಟರ್ ಇರುತ್ತದೆ, 44ರಲ್ಲಿ 8 ಎಂದರೆ ಶೇ 18ರ ಚಿಲ್ಲರೆ. ಕೊನೆಯ ಸಾಲಿನಲ್ಲಿ (40 + ಯ) ಎಂದು ಕಂಸದೊಳಗೆ ಬರೆಯಬೇಕಾದದ್ದು ಇದಕ್ಕೇ.

ಈಗ ಅದೇ ಲೆಕ್ಕದಲ್ಲಿ ಹಾಲಿನ ಜಾಡು ಹಿಡಿಯಿರಿ. ನೀರು ಸುರಿದಾಗ ಹಾಲು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಮೊದಲಿಗೆ 40 ಲೀಟರಿನ ಶೇ 90, ಅಂದರೆ 36. ಕೊನೆಗೂ ಅದೇ 36, ಆದರೆ ಆಗ ಅದು ಒಟ್ಟಿನ ಶೇ 80. ಶೇ 80ಕ್ಕೆ 36 ಆದರೆ ಪೂರ್ತಿ 45. ಹಾಕಿದ್ದು 5. ಹತ್ತು ಸೆಕೆಂಡಿನ ಕೆಲಸ, ಪೆನ್ನೂ ಬೇಡ. ಬೀಜಗಣಿತ ನಿಧಾನ ಎನ್ನುವ ಮಾತು ಎಷ್ಟು ನಿಜ ಎಂಬುದು ಇಲ್ಲಿ ಕಾಣುತ್ತದೆ. ಸಮೀಕರಣ ಬಿಡಿಸುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಹೊತ್ತು ಹಿಡಿಯುವುದು ಯಾವುದರ ಜಾಡು ಹಿಡಿಯಬೇಕೆಂದು ತೀರ್ಮಾನಿಸದೆ ಬರೆಯಲು ಶುರುಮಾಡಿದಾಗ. ಒಂದೇ ವಸ್ತುವನ್ನು ಸೇರಿಸುವ ಅಥವಾ ತೆಗೆಯುವ ಲೆಕ್ಕವಾದರೆ, ಅಲ್ಲಾಡದೆ ಉಳಿದದ್ದು ಯಾವುದು ಎಂದು ಮೊದಲು ಹುಡುಕಿ.

ಆವಿಯಾಗುವ ಲೆಕ್ಕವೂ ಇದೇ ಜಾತಿ. ಶೇ 12ರ 50 ಲೀಟರ್ ಉಪ್ಪುನೀರು ಕುದಿಸಿ ಶೇ 20 ಮಾಡಬೇಕು ಎಂದರೆ ಉಪ್ಪು 6 ಕೆ.ಜಿ. ಅಲ್ಲೇ ಇರುತ್ತದೆ, 6 ಎನ್ನುವುದು ಶೇ 20 ಆಗಬೇಕಾದರೆ ಒಟ್ಟು 30 ಉಳಿಯಬೇಕು, ಹೋದದ್ದು 20 ಲೀಟರ್ ನೀರು. ಅಕ್ಕಸಾಲಿಗರ ಲೆಕ್ಕವೂ ಬೇರೆಯಲ್ಲ. 22 ಕ್ಯಾರೆಟ್ಟಿನ 10 ಗ್ರಾಂ ಚಿನ್ನಕ್ಕೆ ಎಷ್ಟು ತಾಮ್ರ ಬೆರೆಸಿದರೆ 18 ಕ್ಯಾರೆಟ್ ಆಗುತ್ತದೆ? 10 × 22 = (10 + ಯ) × 18. 220ರಿಂದ 180 ಕಳೆದರೆ 40, ಅದನ್ನು 18ರಿಂದ ಭಾಗಿಸಿದರೆ 2.22 ಗ್ರಾಂ. ಇಲ್ಲಿ ಕ್ಯಾರೆಟ್ ಎಂಬುದು ನೂರರ ಬದಲು ಇಪ್ಪತ್ತನಾಲ್ಕರಲ್ಲಿ ಹೇಳಿದ ಶೇಕಡಾ, ಅಷ್ಟೇ. ಈ ‘ತೂಕ ಗುಣಿಸು ಬಣ್ಣ’ದ ಲೆಕ್ಕ ನಮಗೆ ಹೊಸದಲ್ಲ; ಬಣ್ಣ ಅಥವಾ ವರ್ಣ ಎಂದರೆ ಇಲ್ಲಿ ಚಿನ್ನದ ಶುದ್ಧತೆಯ ಮಟ್ಟ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಮಿಶ್ರಕ ವ್ಯವಹಾರಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಬೇರೆ ಬೇರೆ ವರ್ಣದ ಚಿನ್ನ ಕರಗಿಸಿದಾಗ ಬರುವ ವರ್ಣ ತಿಳಿಯಲು ಒಂದೊಂದರ ತೂಕವನ್ನೂ ವರ್ಣದಿಂದ ಗುಣಿಸಿ, ಕೂಡಿ, ಒಟ್ಟು ತೂಕದಿಂದ ಭಾಗಿಸುವುದೇ ಹಳೆಯ ಕ್ರಮ. ನಮ್ಮ ಮೂರು ಸಂಖ್ಯೆಯ ಸಾಲು ಅದೇ.

ಇನ್ನು ಅಕ್ಕಿಯ ಲೆಕ್ಕ. ಅಲಿಗೇಶನ್ ಟ್ರಿಕ್ ಮೋಸ ಮಾಡುತ್ತದೆ ಎಂಬ ನಿಮ್ಮ ದೂರು ಹುಟ್ಟಿದ್ದು ಇಲ್ಲಿ ಅನ್ನಿಸುತ್ತದೆ. ಟ್ರಿಕ್ಕಿನಲ್ಲಿ ತಪ್ಪಿಲ್ಲ, ಅದರ ನಡುವೆ ನೀವು ಇಟ್ಟ ಸಂಖ್ಯೆ ತಪ್ಪು. 55 ಮಾರಿದ ಬೆಲೆ. 45 ಮತ್ತು 60 ಕೊಂಡ ಬೆಲೆಗಳು. ಕೊಂಡ ಬೆಲೆಗಳ ನಡುವೆ ಮಾರಿದ ಬೆಲೆ ಇಟ್ಟರೆ ಏನೂ ಹೊಂದುವುದಿಲ್ಲ. ಶೇ 10 ಲಾಭ ಬಂದ ಮೇಲೆ 55 ಆಗಿದೆ, ಹಾಗಾದರೆ ಬೆರೆಸಿದ ಅಕ್ಕಿ ಕೆ.ಜಿ.ಗೆ ಬಿದ್ದ ಬೆಲೆ 55ನ್ನು 1.1ರಿಂದ ಭಾಗಿಸಿದ 50. ಈಗ 45ರ ಅಕ್ಕಿ ‘ಯ’ ಕೆ.ಜಿ., 60ರ ಅಕ್ಕಿ ‘ರ’ ಕೆ.ಜಿ. ಎಂದುಕೊಂಡರೆ

45ಯ + 60ರ = 50ಯ + 50ರ
10ರ = 5ಯ

ಅಂದರೆ ಯ:ರ = 10:5 = 2:1. ನೀವು ಬರೆದದ್ದು 1:2. 55 ಇಟ್ಟರೆ ಸರಿ ಉತ್ತರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವ ಹಾಗೆ ಸಂಖ್ಯೆ ಆರಿಸಿದ್ದಾರೆ. ಲೆಕ್ಕ ಮಾಡಿದವರ ಕೈಚಳಕ ಒಪ್ಪಬೇಕಾದ್ದೇ.

ಆ ಎರಡನೆಯ ಸಾಲು, 10ರ = 5ಯ, ಇನ್ನೊಮ್ಮೆ ನೋಡಿ. 10 ಎಂದರೆ 60ಕ್ಕೂ 50ಕ್ಕೂ ಇರುವ ಅಂತರ. 5 ಎಂದರೆ 50ಕ್ಕೂ 45ಕ್ಕೂ ಇರುವ ಅಂತರ. ಅಡ್ಡಗೆರೆ ಎಳೆದು ನೀವು ಬರೆಯುವುದು ಇದೇ ಅಂತರಗಳನ್ನು. ಅಲಿಗೇಶನ್ ಎನ್ನುವುದು ಬೇರೆ ವಿದ್ಯೆಯೇನಲ್ಲ, ಸಮೀಕರಣದ ಕೊನೆಯ ಸಾಲು ಮಾತ್ರ. ಹಾಲಿನ ಡೇರಿಗಳಲ್ಲಿ ಕೊಬ್ಬಿನ ಮಟ್ಟ ಹೊಂದಿಸಲು ಬಳಸುವ ಪಿಯರ್ಸನ್ ಚೌಕವೂ ಇದೇ ಅಡ್ಡಗೆರೆ. ಗೆರೆ ಅಡ್ಡವಾಗಿ ಏಕೆ ಹೋಗಬೇಕು ಎಂದು ತಿಳಿಯದೆ ಬಾಯಿಪಾಠ ಮಾಡಿದವರಿಗೆ ಪರೀಕ್ಷೆಯ ಗಡಿಬಿಡಿಯಲ್ಲಿ ಯಾವ ಸಂಖ್ಯೆ ಯಾವ ಕಡೆಗೆ ಎಂಬುದು ಮರೆಯುತ್ತದೆ. ಅದಕ್ಕೆ ಒಂದು ಸುಲಭದ ಕಾವಲು ಇದೆ: ನಡುವಿನ ದರ ಯಾವುದಕ್ಕೆ ಹತ್ತಿರವೋ ಅದರ ಪಾಲೇ ಹೆಚ್ಚು. 50 ರೂಪಾಯಿ 45ಕ್ಕೆ ಹತ್ತಿರ, ಹಾಗಾಗಿ ಅಗ್ಗದ ಅಕ್ಕಿಯೇ ಜಾಸ್ತಿ ಇರಬೇಕು. ಉತ್ತರ 1:2 ಎಂದು ಬಂದಿದ್ದರೆ ಅಲ್ಲೇ ಅನುಮಾನ ಬರಬೇಕಿತ್ತು.

ಕಾಫಿಪುಡಿಯಲ್ಲಿ ಇದನ್ನು ಒಮ್ಮೆ ಮಾಡಿ ನೋಡಿ. ಕೆ.ಜಿ.ಗೆ 600 ರೂಪಾಯಿಯ ಕಾಫಿ, 200 ರೂಪಾಯಿಯ ಚಿಕೋರಿ, ಬೆರೆಸಿದ ಪುಡಿ 480 ರೂಪಾಯಿಗೆ ಬೀಳಬೇಕು ಎಂದುಕೊಳ್ಳಿ (ಬೆಲೆಗಳು ಲೆಕ್ಕಕ್ಕಾಗಿ ಹಾಕಿದವು). 480 ಕಾಫಿಯ ಬೆಲೆಗೆ ಹತ್ತಿರ. 600ರಿಂದ ಅಂತರ 120, 200ರಿಂದ ಅಂತರ 280. ದೊಡ್ಡ ಸಂಖ್ಯೆ ಕಾಫಿಗೆ: 280:120, ಅಂದರೆ 7:3. ಹತ್ತು ಕೆ.ಜಿ. ಪುಡಿಗೆ ಏಳು ಕಾಫಿ, ಮೂರು ಚಿಕೋರಿ. ತಾಳೆ: 4200 ಕೂಡಿಸು 600, ಒಟ್ಟು 4800. ಪ್ಯಾಕೆಟ್ ಮೇಲೆ ‘ಕಾಫಿ 70, ಚಿಕೋರಿ 30’ ಎಂದು ನೋಡಿರುತ್ತೀರಿ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಪುಡಿಯಲ್ಲಿ ಕಾಫಿ ತೂಕದಲ್ಲಿ ಶೇ 51ಕ್ಕಿಂತ ಕಡಿಮೆ ಇರಕೂಡದು. ಹಾಗಾಗಿ ತಿರುವಿ 3:7 ಎಂದು ಉತ್ತರ ಬರೆದವರ ಪುಡಿ ಮಾರಲಿಕ್ಕೂ ಬರುವುದಿಲ್ಲ.

ಅಡ್ಡಗೆರೆಯಿಂದ ಬರುವ ಅನುಪಾತ ಯಾವುದರದ್ದು ಎಂಬುದು ಇನ್ನೊಂದು ಸೂಕ್ಷ್ಮ, ಕೋಚಿಂಗ್‌ನಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ದರ ಕೆ.ಜಿ.ಗೆ ಇಷ್ಟು ಎಂದಿದ್ದರೆ ಬರುವುದು ಕೆ.ಜಿ.ಗಳ ಅನುಪಾತ. ಆದರೆ ಲಾಭದ ಶೇಕಡಾಗಳನ್ನು ಅಡ್ಡಗೆರೆಗೆ ಹಾಕಿದರೆ ಬರುವುದು ಕೊಂಡ ಹಣದ ಅನುಪಾತ. 1000 ಕೆ.ಜಿ. ಸಕ್ಕರೆಯಲ್ಲಿ ಒಂದು ಭಾಗ ಶೇ 8 ಲಾಭಕ್ಕೆ, ಉಳಿದದ್ದು ಶೇ 18 ಲಾಭಕ್ಕೆ ಮಾರಿ ಒಟ್ಟು ಶೇ 14 ಲಾಭ ಬಂತು ಎಂದರೆ ಅನುಪಾತ 4:6, ಅಂದರೆ 400 ಮತ್ತು 600 ಕೆ.ಜಿ. ಎಲ್ಲ ಸಕ್ಕರೆಗೂ ಒಂದೇ ಬೆಲೆ ಕೊಟ್ಟಿದ್ದರಿಂದ ಹಣದ ಅನುಪಾತವೇ ಕೆ.ಜಿ.ಗೂ ಹೊಂದಿತು. ಅದೇ ಲೆಕ್ಕ ಸಕ್ಕರೆ ಮತ್ತು ಬೇಳೆಯದ್ದಾಗಿದ್ದರೆ 4:6 ಎನ್ನುವುದು ಅವುಗಳಿಗೆ ಸುರಿದ ರೂಪಾಯಿಯ ಅನುಪಾತ. ಅದನ್ನು ತೂಕ ಎಂದು ಬರೆದರೆ ತಪ್ಪು.

‘ಯಾವುದರ ಶೇಕಡಾ’ ಎಂಬ ಪ್ರಶ್ನೆ ಕೇಳದೆ ಕೆಡುವ ಲೆಕ್ಕಗಳಲ್ಲಿ ಹಾಲಿನವರ ಲಾಭದ ಲೆಕ್ಕ ಕುಖ್ಯಾತ. ಹಾಲಿಗೆ ನೀರು ಬೆರೆಸಿ, ಕೊಂಡ ಬೆಲೆಗೇ ಮಾರಿ ಶೇ 25 ಲಾಭ ಮಾಡಿದರೆ ಮಿಶ್ರಣದಲ್ಲಿ ನೀರು ಶೇಕಡಾ ಎಷ್ಟು? ಥಟ್ಟನೆ ಬರುವ ಉತ್ತರ 25. ಆದರೆ 100 ಲೀಟರ್ ಹಾಲಿಗೆ ಹಾಕಿದ ಹಣದ ಮೇಲೆ ಶೇ 25 ಲಾಭ ಬರಬೇಕಾದರೆ 125 ಲೀಟರ್ ಮಾರಿರಬೇಕು. 125ರಲ್ಲಿ ನೀರು 25, ಅಂದರೆ ಶೇ 20. ಹಾಲಿನ ಲೆಕ್ಕದಲ್ಲಿ ಕಾಲು ಭಾಗ, ಮಿಶ್ರಣದ ಲೆಕ್ಕದಲ್ಲಿ ಐದನೆಯ ಒಂದು ಭಾಗ. ಅಡಿಕೆ ತೋಟದವರು ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣದಲ್ಲೂ ಹೀಗೇ ಮಾತಿನ ವಾಡಿಕೆ ಇದೆ: ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅಲ್ಲಿ ಶೇ 1 ಎಂದರೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ ಎಂದರ್ಥ, ಒಟ್ಟು ತೂಕದ ಶೇ 1 ಎಂದಲ್ಲ. ತೋಟಕ್ಕೆ ಅದು ನಡೆಯುತ್ತದೆ. ಪರೀಕ್ಷೆಯ ಹಾಳೆಯಲ್ಲಿ ಬೇರೆ ರೀತಿ ಹೇಳದಿದ್ದರೆ ಶೇಕಡಾ ಎಂದರೆ ಒಟ್ಟು ಮಿಶ್ರಣದ ಶೇಕಡಾ ಎಂದೇ ಹಿಡಿಯಬೇಕು.

ಮೂರನೆಯ ಲೆಕ್ಕಕ್ಕೆ ಬರೋಣ. ಕ್ಯಾನಿನ ಪಕ್ಕ ನಿಂತು ನೋಡಿದರೆ ತಪ್ಪು ಕಣ್ಣಿಗೇ ಬೀಳುತ್ತದೆ. ಮೊದಲ ಸಲ ತೆಗೆದ 4 ಲೀಟರ್ ಪೂರ್ತಿ ಹಾಲು. ನೀರು ಸುರಿದು ಕಲಕಿದ ಮೇಲೆ ಕ್ಯಾನಿನಲ್ಲಿ 36 ಹಾಲು, 4 ನೀರು. ಎರಡನೆಯ ಸಲ ತೆಗೆದ 4 ಲೀಟರಿನಲ್ಲಿ ಹತ್ತನೆಯ ಒಂದು ಭಾಗ ನೀರು: 3.6 ಲೀಟರ್ ಹಾಲು, 0.4 ಲೀಟರ್ ನೀರು. ಹಾಗಾಗಿ ಉಳಿದ ಹಾಲು 36ರಿಂದ 3.6 ಕಳೆದ 32.4. ನಿಮ್ಮ 32ಕ್ಕೂ ಇದಕ್ಕೂ ಇರುವ 0.4 ಅಂತರವೇ ಎರಡನೆಯ ಅಳತೆಯಲ್ಲಿ ಹೊರಗೆ ಬಂದ ನೀರು. ಪ್ರತಿ ಸಲವೂ ಕ್ಯಾನಿನಲ್ಲಿದ್ದ ಹಾಲಿನ ಹತ್ತನೆಯ ಒಂದು ಭಾಗ ಹೋಗುತ್ತದೆ, ಹತ್ತನೆಯ ಒಂಬತ್ತು ಭಾಗ ಉಳಿಯುತ್ತದೆ. 40 × 0.9 × 0.9 = 32.4. ಮೂರನೆಯ ಸಲವೂ ಮಾಡಿದರೆ ಇನ್ನೊಂದು 0.9.

ಇದನ್ನೇ ಗೈಡುಗಳಲ್ಲಿ ಘಾತ ಹಾಕಿ ಸೂತ್ರ ಮಾಡಿ ಕೊಟ್ಟಿರುತ್ತಾರೆ. ಸೂತ್ರ ಸರಿ, ಆದರೆ ಅದಕ್ಕೆ ಷರತ್ತುಗಳಿವೆ: ಪ್ರತಿ ಸಲ ತೆಗೆದದ್ದು ಅಷ್ಟೇ ಇರಬೇಕು, ತೆಗೆದಷ್ಟೇ ವಾಪಸ್ ತುಂಬಬೇಕು, ಶುರುವಿಗೆ ಪಾತ್ರೆಯಲ್ಲಿ ಶುದ್ಧ ಹಾಲೇ ಇರಬೇಕು. ಮೊದಲು 4, ಆಮೇಲೆ 8 ಲೀಟರ್ ತೆಗೆದರೆ ಘಾತದ ಸೂತ್ರ ನಿಮ್ಮನ್ನು ನಡುನೀರಿನಲ್ಲಿ ಬಿಡುತ್ತದೆ. ‘ಎಷ್ಟು ಭಾಗ ಉಳಿಯಿತು’ ಎಂದು ಗುಣಿಸುತ್ತ ಹೋಗುವವರಿಗೆ ಏನೂ ತೊಂದರೆಯಿಲ್ಲ: 40 × 0.9 × 0.8 = 28.8.

ನಾಲ್ಕನೆಯ ಲೆಕ್ಕದಲ್ಲಿ ನೀವು ಅನುಪಾತಗಳನ್ನೇ ಕೂಡಿಸಿದಿರಿ. 3:1 ಎಂದರೆ ನಾಲ್ಕು ಪಾಲಿನಲ್ಲಿ ಮೂರು, 5:3 ಎಂದರೆ ಎಂಟು ಪಾಲಿನಲ್ಲಿ ಐದು. ಎರಡು ಪಾತ್ರೆಯೂ 8 ಲೀಟರ್ ಎಂದುಕೊಂಡುಬಿಡಿ. ಮೊದಲನೆಯದರಲ್ಲಿ ಹಾಲು 6, ನೀರು 2. ಎರಡನೆಯದರಲ್ಲಿ ಹಾಲು 5, ನೀರು 3. ಒಟ್ಟು 11:5. ನಿಮ್ಮ 2:1 ಪೂರ್ತಿ ಸುಳ್ಳೂ ಅಲ್ಲ. ಮೊದಲ ಪಾತ್ರೆ 4 ಲೀಟರ್, ಎರಡನೆಯದು 8 ಲೀಟರ್ ಆಗಿದ್ದರೆ ಅದೇ ಸರಿ ಉತ್ತರ. ಆದರೆ ಪ್ರಶ್ನೆಯಲ್ಲಿ ‘ಅಷ್ಟೇ ಅಳತೆಯ’ ಎಂಬ ಎರಡು ಪದಗಳಿವೆ, ಲೆಕ್ಕ ನಿಂತಿರುವುದು ಅವುಗಳ ಮೇಲೆ. ಪಾತ್ರೆಗಳ ಅಳತೆಯನ್ನೇ ಹೇಳದೆ ಅನುಪಾತ ಮಾತ್ರ ಕೊಟ್ಟು ಕೇಳಿದರೆ ಉತ್ತರವೇ ಇರುವುದಿಲ್ಲ.

ಇಲ್ಲಿಯವರೆಗೆ ಹತ್ತಕ್ಕೆ ಹತ್ತು ಕೂಡಿದರೆ ಇಪ್ಪತ್ತು ಲೀಟರ್ ಎಂದೇ ನಂಬಿದ್ದೇವೆ. ಹಾಳೆಯ ಲೆಕ್ಕಕ್ಕೆ ಅದು ಸಾಕು, ನಿಜದ ಪಾತ್ರೆಯಲ್ಲಿ ಯಾವಾಗಲೂ ಹಾಗಲ್ಲ. ಆಲ್ಕೋಹಾಲಿಗೆ ನೀರು ಬೆರೆಸಿದರೆ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವಿಧಾನದಲ್ಲಿ ಶೇ 96ರ ಎಥನಾಲ್ 8333 ಮಿ.ಲೀ. ತೆಗೆದುಕೊಳ್ಳಿ ಎಂದಿದೆ, ನೀರು ಮಾತ್ರ ಇಷ್ಟು ಮಿ.ಲೀ. ಎಂದು ಹೇಳದೆ ‘ಒಟ್ಟು 10 ಲೀಟರ್ ಗೆರೆ ಮುಟ್ಟುವವರೆಗೆ’ ಎಂದಿದೆ. 8333ನ್ನು 0.96ರಿಂದ ಗುಣಿಸಿ ನೋಡಿ, 8000. 10 ಲೀಟರಿನ ಶೇ 80. ನಮ್ಮ ಸಾಲಿನ ಲೆಕ್ಕವೇ, ಆದರೆ ಕೊನೆಯ ಗಾತ್ರವನ್ನು ಕೂಡಿಸಿ ಪಡೆಯದೆ ಅಳೆದು ಪಡೆಯುತ್ತಾರೆ. ತೂಕಕ್ಕೆ ಈ ತಂಟೆ ಇಲ್ಲ.

ಇನ್ನು ಸಮಯದ ಪ್ರಶ್ನೆ. 20 ನಿಮಿಷಕ್ಕೆ 35 ಎಂದರೆ ಒಂದಕ್ಕೆ 34 ಸೆಕೆಂಡ್. ನಿಮ್ಮ ಮುಂದೆ ಮೂರು ದಾರಿ ಇವೆ. ಸೂತ್ರಗಳನ್ನು ಬಾಯಿಪಾಠ ಮಾಡಿದರೆ ಪರಿಚಿತ ಲೆಕ್ಕ ಬಂದಾಗ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಪ್ರಶ್ನೆಯ ಒಂದು ಪದ ಬದಲಾದರೆ ತಪ್ಪಾಗುತ್ತದೆ, ತಪ್ಪಾಯಿತು ಎಂಬುದೂ ತಿಳಿಯುವುದಿಲ್ಲ. ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಅದು ದುಬಾರಿ. ಆಯ್ಕೆಗಳನ್ನು ಒಂದೊಂದಾಗಿ ಇಟ್ಟು ನೋಡುವುದು ಎರಡನೆಯದು. ‘ಎಷ್ಟು ಲೀಟರ್ ಸೇರಿಸಬೇಕು’ ಎಂಬಂಥ ಲೆಕ್ಕಕ್ಕೆ ಅದು ನಿಜಕ್ಕೂ ಒಳ್ಳೆಯದು, ನಡುವಿನ ಗಾತ್ರದ ಆಯ್ಕೆಯಿಂದ ಶುರುಮಾಡಿದರೆ ಎರಡು ಪ್ರಯತ್ನದಲ್ಲಿ ಗೊತ್ತಾಗುತ್ತದೆ; ‘ಇವು ಯಾವುವೂ ಅಲ್ಲ’ ಎಂಬ ಆಯ್ಕೆ ಇದ್ದರೆ ಮಾತ್ರ ಕೈಕೊಡುತ್ತದೆ. ಮೂರನೆಯದು ಸಾಲು ಬರೆದು ಸಮೀಕರಣ. ಮೊದಲ ವಾರ ಒಂದೊಂದಕ್ಕೆ ಎರಡು ನಿಮಿಷ ಬೇಕಾಗಬಹುದು, ಅದಕ್ಕೆ ಅಂಜಬೇಡಿ.

ನಾನು ನಿಮ್ಮ ಜಾಗದಲ್ಲಿದ್ದವರಿಗೆ ಹೇಳುವುದು ಇಷ್ಟು: ಒಂದು ಹದಿನೈದು ದಿನ, ದಿನಕ್ಕೆ ಆರು ಲೆಕ್ಕ, ಮೊದಲು ಟ್ರಿಕ್ ಮುಟ್ಟದೆ ಸಾಲು ಬರೆದೇ ಮಾಡಿ. ಮಾಡಿದ ಮೇಲೆ ಅದೇ ಲೆಕ್ಕವನ್ನು ಅಡ್ಡಗೆರೆಯಲ್ಲಿ ಮಾಡಿ ಎರಡೂ ಹೊಂದಿತೇ ನೋಡಿ. ಹೊಂದದಿದ್ದ ಲೆಕ್ಕಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಟ್ರಿಕ್ ಎಲ್ಲಿ ನಡೆಯುತ್ತದೆ ಎಂಬ ಗಡಿ ಆ ಹಾಳೆಯಿಂದ ತಿಳಿಯುತ್ತದೆ: ಎರಡೇ ವಸ್ತು, ಮೂರು ದರಗಳೂ ಒಂದೇ ಬಗೆಯವು, ಕೇಳಿದ್ದು ಅನುಪಾತ, ಆಗ ಅಡ್ಡಗೆರೆ. ತೆಗೆದು ತುಂಬುವುದು, ಮೂರು ವಸ್ತು, ಹಂತ ಹಂತವಾಗಿ ಬೆರೆಸುವುದು ಬಂದರೆ ಸಾಲು. ಒಂದೇ ವಸ್ತು ಸೇರಿಸುವುದಾದರೆ ಅಲ್ಲಾಡದ್ದನ್ನು ಹಿಡಿಯುವುದು. ಒಟ್ಟು ಪ್ರಮಾಣ ಕೊಟ್ಟಿದ್ದರೆ ಎರಡು ಚರಾಕ್ಷರ ಬೇಡ, ‘ಯ’ ಮತ್ತು ‘ಒಟ್ಟು ಕಳೆ ಯ’ ಸಾಕು. ಒಟ್ಟು ಕೊಡದಿದ್ದರೆ ಅನುಪಾತವಷ್ಟೇ ಸಿಗುತ್ತದೆ, ಲೀಟರ್ ಹುಡುಕಿ ಹೊತ್ತು ಕಳೆಯಬೇಡಿ.

ಕೊನೆಗೆ ಗೈಡಿನ ಆಮ್ಲದ ಲೆಕ್ಕ. ನಿಮ್ಮ ಸಮೀಕರಣ ಹೀಗಿರಬೇಕು: 20ಯ + 35(30 − ಯ) = 40 × 30. ಬಿಡಿಸಿದರೆ 1050 − 15ಯ = 1200, ಯ = −10. ನೀವು ಎಲ್ಲೂ ತಪ್ಪಿಲ್ಲ. ಶೇ 20ರದ್ದನ್ನೂ ಶೇ 35ರದ್ದನ್ನೂ ಹೇಗೆ ಬೆರೆಸಿದರೂ 20ಕ್ಕೂ 35ಕ್ಕೂ ನಡುವೆಯೇ ಬರುತ್ತದೆ, ಶೇ 40 ಆಗುವುದು ಸಾಧ್ಯವೇ ಇಲ್ಲ. ಆ ಮೈನಸ್ ಅದನ್ನೇ ಹೇಳುತ್ತಿದೆ. 40ರ ಜಾಗದಲ್ಲಿ 30 ಇಟ್ಟು ನೋಡಿ: 1050 − 15ಯ = 900, ಯ = 10, ಗೈಡಿನ ಉತ್ತರವೂ 10. ಮೂರರ ಜಾಗದಲ್ಲಿ ನಾಲ್ಕು ಅಚ್ಚಾಗಿದೆ. ಪೆನ್ನಿನಲ್ಲಿ ತಿದ್ದಿಕೊಂಡು ಮುಂದಿನ ಲೆಕ್ಕಕ್ಕೆ ಹೋಗಿ.